ಹದಿನೈದಕ್ಕೆ ಕಾಲೇಜು: ಕೈಹಿಡಿಯುವವರು ಯಾರು?

(ಸಂಘದ ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಪ್ರತಿಭಾ ಪುರಸ್ಕಾರದ ದಿನ ಅಂಕಗಳ ವಿಚಾರ ಹೇಗೂ ಬರುತ್ತದೆ, ಅದನ್ನು ನನಗಿಂತ ಚೆನ್ನಾಗಿ ಹೇಳುವವರು ಈಗಾಗಲೇ ಹೇಳಿದ್ದಾರೆ. ನನಗೆ ಹೇಳಬೇಕೆನಿಸಿದ್ದು ವಯಸ್ಸಿನ ವಿಚಾರ. ಶಿವಾಜಿನಗರ, ಹಲಸೂರು, ಇಂದಿರಾನಗರದಿಂದ ಕೆ.ಆರ್. ಪುರದವರೆಗಿನ ನಮ್ಮ ಮನೆಗಳಲ್ಲಿ, ಮೂರೂವರೆ ವರ್ಷಕ್ಕೆ ಎಲ್‌ಕೆಜಿ ಸೇರಿ, ನಡುವೆ ಒಂದು ಡಬಲ್ ಪ್ರಮೋಷನ್ ಪಡೆದು, ಹದಿನಾಲ್ಕು ತುಂಬಿದ ಕೆಲವೇ ತಿಂಗಳಿಗೆ ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳು ಅಲ್ಲಲ್ಲಿ ಸಿಗುತ್ತಾರೆ. ಇಂಥ ಮಗುವಿನ ತಂದೆ ಮದುವೆ ಮನೆಯಲ್ಲಿ ಸಿಕ್ಕರೆ ಮೊದಲು ಹೇಳುವುದೇ ಈ ಸುದ್ದಿ. ಹೆಮ್ಮೆಪಡಬೇಕಾದ ಸಂಗತಿಯೇ, ಸಂದೇಹವಿಲ್ಲ. ಆದರೆ ಹದಿನೈದಕ್ಕೇ ಪಿಯು ಕಾಲೇಜಿನ ಮೆಟ್ಟಿಲು ಹತ್ತಿ, ಹದಿನಾರೂವರೆಗೆ ಪದವಿ ತರಗತಿಯಲ್ಲಿ ಕುಳಿತ ಆ ಮಗುವಿನ ಜೊತೆ ನಿಲ್ಲುವವರು ಯಾರು ಎಂದು ನಾವು ಕೇಳಿಕೊಂಡದ್ದು ಕಡಿಮೆ.

ತಡವಾಗಿ ಬಂದ ಮಕ್ಕಳಿಗೆ ನಮ್ಮ ಸಮುದಾಯ ಏನೋ ಒಂದು ದಾರಿ ಮಾಡಿದೆ. ಮದ್ರಸಾದಲ್ಲಿ ಹಿಫ್ಜ್ ಮುಗಿಸಿ ಬಂದ ಹುಡುಗರನ್ನು ವಿಜ್ಞಾನ ವಿಭಾಗಕ್ಕೆ ಅಣಿಗೊಳಿಸುವ ಕೆಲಸವನ್ನು ಬೀದರಿನ ಶಾಹೀನ್ ಸಂಸ್ಥೆ ಮಾಡಿ ತೋರಿಸಿದೆ. ಬೇಗ ಬಂದ ಮಗುವಿಗೆ ಅಂಥ ಏರ್ಪಾಡು ಕಾಣುವುದಿಲ್ಲ. 'ಅವನು ಜಾಣ, ಹೇಗೋ ಮಾಡಿಕೊಳ್ಳುತ್ತಾನೆ' ಎಂದು ಬಿಟ್ಟುಬಿಡುತ್ತೇವೆ.

ನನಗೆ ಗೊತ್ತಿರುವ ಹಲಸೂರಿನ ಒಬ್ಬ ಹುಡುಗಿಯ ಕಥೆ ಕೇಳಿ. ಜನವರಿ ತಿಂಗಳ ಮೊದಲ ವಾರದಲ್ಲಿ ಹುಟ್ಟಿದವಳು. ಮೂರನೇ ತರಗತಿಯಲ್ಲಿ ಡಬಲ್ ಪ್ರಮೋಷನ್. ದ್ವಿತೀಯ ಪಿಯುಸಿ ಮುಗಿದಾಗ ಅವಳಿಗೆ ಹದಿನಾರು ವರ್ಷ ಮೂರು ತಿಂಗಳು. ಮನೆಯವರಿಗೆಲ್ಲ ಅವಳು ಡಾಕ್ಟರ್ ಆಗಬೇಕೆಂಬ ಆಸೆ, ಎರಡು ವರ್ಷ ಕೋಚಿಂಗ್‌ಗೆ ಹಣ ಕಟ್ಟಿದ್ದರು. ನೀಟ್ ಅರ್ಜಿ ತುಂಬಲು ಕುಳಿತಾಗ ನಿಯಮ ಕಣ್ಣಿಗೆ ಬಿತ್ತು: ವೈದ್ಯಕೀಯ ಪ್ರವೇಶ ಪಡೆಯುವ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು. ಕೆಲವೇ ದಿನಗಳು ಕಡಿಮೆ ಬಿದ್ದವು. ಇಷ್ಟು ವರ್ಷ ಅವಸರ ಮಾಡಿ ಗಳಿಸಿದ ಆ ಒಂದು ವರ್ಷ ಅಲ್ಲೇ ಹೋಯಿತು. ಅದಕ್ಕಿಂತ ದೊಡ್ಡ ಅಪಾಯ ಮನೆಯೊಳಗೆ ಎದ್ದಿತು. ಓದು ಇಲ್ಲದೆ ಹುಡುಗಿ ಮನೆಯಲ್ಲಿ ಕುಳಿತ ಮೂರನೇ ತಿಂಗಳಿಗೆ ಬಂಧುಗಳ ಬಾಯಲ್ಲಿ ಗಂಡಿನ ಮಾತು ಶುರುವಾಯಿತು. ಹದಿನೆಂಟು ತುಂಬದೆ ಮದುವೆ ಕಾನೂನುಬಾಹಿರವೆಂದು ಎಲ್ಲರಿಗೂ ಗೊತ್ತು. ಆದರೂ 'ಮಾತು ಆಡಿಟ್ಟರೆ ತಪ್ಪೇನು' ಎನ್ನುವ ಹಿರಿಯರು ನಮ್ಮಲ್ಲಿ ಇದ್ದಾರೆ. ಅವಳ ತಾಯಿ ಗಟ್ಟಿಯಾಗಿ ನಿಂತು, ಕಂಟೋನ್ಮೆಂಟಿನ ಒಂದು ಮಹಿಳಾ ಕಾಲೇಜಿನಲ್ಲಿ ಬಿ.ಎಸ್ಸಿ.ಗೆ ಸೇರಿಸಿದರು. ಮರುವರ್ಷ ನೀಟ್ ಬರೆದಳು, ಸರಕಾರಿ ಸೀಟಿಗೆ ಸಾಕಾಗುವಷ್ಟು ಅಂಕ ಬರಲಿಲ್ಲ. ಅಷ್ಟರಲ್ಲಿ ಸೂಕ್ಷ್ಮಜೀವಿಶಾಸ್ತ್ರದ ರುಚಿ ಹತ್ತಿತ್ತು, ಬಿ.ಎಸ್ಸಿ.ಯಲ್ಲೇ ಉಳಿದಳು. ಈಗ ಎಂ.ಎಸ್ಸಿ. ಓದುತ್ತಿದ್ದಾಳೆ.

ಆ ಮನೆಗೆ ಎಸ್ಸೆಸ್ಸೆಲ್ಸಿ ಹೊತ್ತಿನಲ್ಲೇ ಒಬ್ಬರು ಹೋಗಿ, ಹುಟ್ಟಿದ ದಿನಾಂಕ ನೋಡಿ, 'ಅಮ್ಮಾ, ಇವಳು ಒಂದು ವರ್ಷ ಕಾಯಬೇಕಾಗುತ್ತದೆ, ಆ ವರ್ಷಕ್ಕೆ ಈಗಲೇ ಯೋಚನೆ ಮಾಡಿ' ಎಂದು ಹೇಳಿದ್ದರೆ ಸಾಕಿತ್ತು. ಕೋಚಿಂಗ್ ಸೆಂಟರಿನವರು ಅದನ್ನು ಹೇಳಲಿಲ್ಲ. ಅವರ ಕೆಲಸ ಭೌತಶಾಸ್ತ್ರ, ರಸಾಯನಶಾಸ್ತ್ರ ಕಲಿಸುವುದು. ಮಗುವಿನ ಇಡೀ ದಾರಿ ನೋಡಿ ಮುಂಚಿತವಾಗಿ ಎಚ್ಚರಿಸುವುದು ಬೇರೆಯೇ ಕೆಲಸ, ಅದನ್ನೇ ನಾನು ಸಲಹೆ ಎನ್ನುತ್ತಿದ್ದೇನೆ. ಕೋಚಿಂಗ್‌ಗೆ ನಾವು ಸಾವಿರಗಟ್ಟಲೆ ಸುರಿಯುತ್ತೇವೆ. ಸಲಹೆಗೆ ಖರ್ಚು ಏನೂ ಇಲ್ಲ, ಅದಕ್ಕೇ ಏನೋ ಅದರ ಬೆಲೆ ನಮಗೆ ತಿಳಿದಿಲ್ಲ. ಅಂದ ಹಾಗೆ, ಹದಿನಾರು ವರ್ಷದೊಳಗಿನವರನ್ನು ಸೇರಿಸಿಕೊಳ್ಳಬಾರದು, ಇಲ್ಲವೇ ಹತ್ತನೇ ತರಗತಿಯ ಪರೀಕ್ಷೆಯ ನಂತರವೇ ಸೇರಿಸಿಕೊಳ್ಳಬೇಕು ಎಂದು ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೋಚಿಂಗ್ ಕೇಂದ್ರಗಳಿಗೆ ಮಾರ್ಗಸೂಚಿ ಹೊರಡಿಸಿದೆ. ಏಳನೇ ತರಗತಿಗೇ 'ಫೌಂಡೇಶನ್' ಎಂದು ಮಕ್ಕಳನ್ನು ಸೇರಿಸಲು ಹೊರಟವರು ಅದನ್ನು ಒಮ್ಮೆ ಓದಿ ನೋಡಿ.

ಚಿಕ್ಕ ವಯಸ್ಸಿನಲ್ಲಿ ಕಾಲೇಜು ಸೇರುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ನಮ್ಮ ಬೆಂಗಳೂರಿನಲ್ಲೇ ಬಾಳಿ ಕೊನೆಯುಸಿರೆಳೆದ ಸರ್ ಸಿ.ವಿ. ರಾಮನ್ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಬಿ.ಎ. ಮುಗಿಸಿದ್ದು 1904ರಲ್ಲಿ, ಹದಿನಾರರ ಆಸುಪಾಸಿನಲ್ಲಿ. ಅವರ ಪ್ರಾಧ್ಯಾಪಕ ಜೋನ್ಸ್ ಅವರು ಹುಡುಗನ ಮಟ್ಟ ಕಂಡು, ಪ್ರಯೋಗಾಲಯದಲ್ಲಿ ಅವನ ಪಾಡಿಗೆ ಅವನು ಕೆಲಸ ಮಾಡಲು ಬಿಟ್ಟರು. 1906ರಲ್ಲಿ, ಹದಿನೆಂಟನೇ ವಯಸ್ಸಿಗೆ ರಾಮನ್‌ರ ಮೊದಲ ಸಂಶೋಧನಾ ಲೇಖನ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾಯಿತು. ಜಾಣತನ ಹುಡುಗನದು. ಆದರೆ ಅವನಿಗೆ ಏನು ಬೇಕೆಂದು ಗುರುತಿಸಿದ ಒಬ್ಬ ಹಿರಿಯರು ಆ ಕಾಲೇಜಿನಲ್ಲಿ ಇದ್ದರು ಎಂಬುದನ್ನು ಮರೆಯಬಾರದು.

ಅಮೆರಿಕದ ಸಿಯಾಟಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಹಾಲ್ಬರ್ಟ್ ರಾಬಿನ್ಸನ್ ಎಂಬ ಮನಶ್ಶಾಸ್ತ್ರಜ್ಞರು 1977ರಲ್ಲಿ, ಹದಿನೈದು ತುಂಬದ ಮಕ್ಕಳನ್ನು ನೇರವಾಗಿ ವಿಶ್ವವಿದ್ಯಾಲಯಕ್ಕೆ ಸೇರಿಸಿಕೊಳ್ಳುವ ಕಾರ್ಯಕ್ರಮ ಆರಂಭಿಸಿದರು. ಬುದ್ಧಿ ಇದ್ದ ಮಾತ್ರಕ್ಕೆ ಸಾಲದು ಎಂಬುದು ಕೆಲವೇ ವರ್ಷಗಳಲ್ಲಿ ಅವರಿಗೆ ಸ್ಪಷ್ಟವಾಯಿತು. ಕಾಲೇಜಿಗೆ ಮೊದಲು ಒಂದು ವರ್ಷದ ಸಿದ್ಧತಾ ತರಗತಿಯನ್ನು ಸೇರಿಸಿದರು. ಅಲ್ಲಿ ಪ್ರಬಂಧ ಬರೆಯುವುದು, ವಾದ ಮಂಡಿಸುವುದು, ಸಮಯ ಹಂಚಿಕೊಳ್ಳುವುದು ಇವುಗಳ ಅಭ್ಯಾಸ. ಕಾಲೇಜು ಸೇರಿದ ಮೇಲೂ ಈ ಮಕ್ಕಳಿಗೆಂದೇ ಸಲಹೆಗಾರರು, ಒಟ್ಟಿಗೆ ಕುಳಿತು ಊಟ ಮಾಡಿ ಹರಟಲು ಅವರದೇ ಒಂದು ಕೋಣೆ. ಇದರಲ್ಲಿ ಆ ಕೋಣೆಯೇ ನನಗೆ ಬಹಳ ಹಿಡಿಸಿತು. ಇಪ್ಪತ್ತರವರ ನಡುವೆ ಕುಳಿತ ಹದಿನಾಲ್ಕರ ಮಗುವಿಗೆ ಪಾಠಕ್ಕಿಂತ ಮೊದಲು ಬೇಕಾದದ್ದು ತನ್ನ ವಯಸ್ಸಿನ ಇನ್ನೊಂದು ಮುಖ.

ಕೆ.ಆರ್. ಪುರದ ಒಬ್ಬ ಹುಡುಗನಿಗೆ ಅಂಥ ಮುಖ ಸಿಗಲಿಲ್ಲ. ಹದಿನೈದಕ್ಕೆ ಪ್ರಥಮ ಪಿಯುಸಿಗೆಂದು ಕಂಟೋನ್ಮೆಂಟಿನ ಒಂದು ಕಾಲೇಜು ಸೇರಿದ. 2023ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿ–ಕೆ.ಆರ್. ಪುರ ಮೆಟ್ರೊ ಕೊಂಡಿ ಕೂಡಿದ ಮೇಲೆ ಪ್ರಯಾಣ ಸಲೀಸು. ತೊಂದರೆ ತರಗತಿಯಲ್ಲಿ. ಮೀಸೆ ಬಂದ ಹುಡುಗರು ಅವನನ್ನು 'ಛೋಟೂ' ಎಂದು ಕರೆದರು. ಹತ್ತರವರೆಗೆ ಉರ್ದುವಿನಲ್ಲಿ ಓದಿದವನಿಗೆ ಇಂಗ್ಲಿಷಿನ ನೋಟ್ಸ್ ವೇಗ ಹಿಡಿಯಲಿಲ್ಲ. ಉಪನ್ಯಾಸಕರನ್ನು ಸ್ಟಾಫ್‌ರೂಮಿಗೆ ಹೋಗಿ ಕೇಳಬಹುದು ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಮನೆಯಿಂದ ಹೊರಟವನು ಕೆಲವು ದಿನ ಕಬ್ಬನ್ ಪಾರ್ಕಿನಲ್ಲಿ ಕುಳಿತು ಹಿಂದಿರುಗುತ್ತಿದ್ದ. ಹಾಜರಿ ಕಡಿಮೆಯಾದ ಎಸ್ಸೆಮ್ಮೆಸ್ ಬರುತ್ತಿದ್ದ ನಂಬರು ಅಣ್ಣನ ಬಳಿ ಇತ್ತು, ಅಣ್ಣ ದುಬೈಗೆ ಹೋಗಿಯಾಗಿತ್ತು. ಪರೀಕ್ಷೆಗೆ ಕೂರಲು ಶೇ. 75 ಹಾಜರಿ ಬೇಕೆಂದು ಅವನ ಅಬ್ಬಾಗೆ ತಿಳಿದದ್ದು ಜನವರಿಯಲ್ಲಿ. ಆ ವರ್ಷ ಕೂರಲಾಗಲಿಲ್ಲ. ಈಗ ರಸೆಲ್ ಮಾರ್ಕೆಟ್ ಬಳಿ ಚಿಕ್ಕಪ್ಪನ ಅಂಗಡಿಯಲ್ಲಿದ್ದಾನೆ. ಮತ್ತೆ ಸೇರಿಸುವ ಪ್ರಯತ್ನ ನಡೆದಿದೆ, ಒಪ್ಪಿಸುವುದು ಸುಲಭವಿಲ್ಲ.

2006ರ ಸಾಚಾರ್ ಸಮಿತಿ ವರದಿ ಪ್ರತಿಷ್ಠಿತ ಕಾಲೇಜುಗಳ ಲೆಕ್ಕ ಕೊಟ್ಟಿತ್ತು: ಪದವಿ ವಿದ್ಯಾರ್ಥಿಗಳಲ್ಲಿ 25ಕ್ಕೆ ಒಬ್ಬ, ಸ್ನಾತಕೋತ್ತರದಲ್ಲಿ 50ಕ್ಕೆ ಒಬ್ಬ ಮುಸ್ಲಿಂ. ಈ ಲೆಕ್ಕವನ್ನು ನಾವು ವೇದಿಕೆಗಳಲ್ಲಿ ಬಹಳ ಸಲ ಹೇಳಿದ್ದೇವೆ. 25 ಇದ್ದದ್ದು 50 ಆಗುವ ನಡುವೆ ಎಲ್ಲೋ ಆ ಅಂಗಡಿಯ ಹುಡುಗನೂ ಇದ್ದಾನೆ.

ಹಾಗಾದರೆ ಸಲಹೆಗಾರರು ಮಾಡಬೇಕಾದದ್ದೇನು? ದೊಡ್ಡ ಪಾಂಡಿತ್ಯ ಬೇಕಿಲ್ಲ. ನಿಮ್ಮಲ್ಲಿ ಬ್ಯಾಂಕಿನವರು, ಶಿಕ್ಷಕರು, ಇಂಜಿನಿಯರುಗಳು, ನಿವೃತ್ತರು ಇದ್ದೀರಿ. ಒಬ್ಬರು ಇಬ್ಬರೇ ಮಕ್ಕಳನ್ನು ತೆಗೆದುಕೊಳ್ಳಿ, ಹತ್ತನ್ನು ಬೇಡ. ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ಸಾಕು. 'ಚೆನ್ನಾಗಿ ಓದುತ್ತಿದ್ದೀಯಾ?' ಎಂದು ಮಾತ್ರ ಕೇಳಬೇಡಿ, ಅದಕ್ಕೆ ಎಲ್ಲ ಮಕ್ಕಳೂ ಹೌದು ಎನ್ನುತ್ತಾರೆ. ನೋಟ್‌ಬುಕ್ ತೆಗೆಸಿ ನೋಡಿ. ಹಾಜರಿ ಎಷ್ಟು ಎಂದು ಕೇಳಿ. ಮಧ್ಯಾಹ್ನ ಯಾರ ಜೊತೆ ಊಟ ಮಾಡುತ್ತೀ ಎಂದು ಕೇಳಿ. ಈ ಒಂದು ಪ್ರಶ್ನೆಗೆ ಬರುವ ಉತ್ತರದಿಂದ ಅರ್ಧ ವಿಷಯ ತಿಳಿದುಬಿಡುತ್ತದೆ. ಮೊದಲ ತಿಂಗಳಲ್ಲೇ ಒಬ್ಬ ಉಪನ್ಯಾಸಕರ ಬಳಿ ಮಗುವನ್ನು ನೀವೇ ಕರೆದುಕೊಂಡು ಹೋಗಿ ಪರಿಚಯ ಮಾಡಿಸಿ.

ಕೆಲವು ಸಂಗತಿಗಳನ್ನು ಸಲಹೆಗಾರರು ತಿಳಿದಿರಲೇಬೇಕು. ಸಿಇಟಿಯ ಇಂಜಿನಿಯರಿಂಗ್ ರ್‍ಯಾಂಕಿಗೆ ಸಿಇಟಿ ಅಂಕ ಅರ್ಧ, ಪಿಯುಸಿ ಅಂಕ ಅರ್ಧ. ಕೋಚಿಂಗ್ ನೆಚ್ಚಿ ಕಾಲೇಜು ಪಾಠ ಕೈಬಿಟ್ಟ ಮಗು ಇಲ್ಲಿ ಪೆಟ್ಟು ತಿನ್ನುತ್ತದೆ. ನಾಲ್ಕು ವರ್ಷದ ಪದವಿಯ ಪದ್ಧತಿಯನ್ನು ಕರ್ನಾಟಕ 2024ರಲ್ಲಿ ಕೈಬಿಟ್ಟು ಮತ್ತೆ ಮೂರು ವರ್ಷಕ್ಕೆ ಬಂದಿದೆ, ಹಳೆಯ ಬ್ಯಾಚಿನವರ ಮಾತು ಕೇಳಿ ವಿಷಯ ಆರಿಸಬೇಡಿ. ವಿಜ್ಞಾನದಲ್ಲಿ ನಿಜವಾದ ಆಸಕ್ತಿ ಇರುವವರಿಗೆ ಭಾರತೀಯ ವಿಜ್ಞಾನ ಸಂಸ್ಥೆ 2011ರಿಂದ ಪಿಯುಸಿಯ ನಂತರವೇ ಬಾಗಿಲು ತೆರೆದಿದೆ. ಅದರ ಓಪನ್ ಡೇ ದಿನ ಮಕ್ಕಳನ್ನು ಕರೆದೊಯ್ಯಿರಿ. ಮನೆ ಚಿಕ್ಕದಾಗಿ ಓದಲು ಜಾಗವಿಲ್ಲದವರಿಗೆ ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯವಿದೆ. ಹುಡುಗಿಯರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯ ಉಚಿತ ಬಸ್ಸು ಇದೆ, 'ದೂರದ ಕಾಲೇಜು, ಖರ್ಚು ಹೆಚ್ಚು' ಎಂಬ ನೆಪಕ್ಕೆ ಈಗ ಜಾಗ ಕಡಿಮೆ.

ಹುಡುಗರ ತಂದೆಯರಿಗೆ ಒಂದು ಮಾತು. ಕಾಲೇಜಿಗೆ ಹೋಗುತ್ತಾನೆಂದು ಹದಿನಾರರ ಮಗನ ಕೈಗೆ ಸ್ಕೂಟರ್ ಕೀಲಿ ಕೊಡಬೇಡಿ. 2019ರ ತಿದ್ದುಪಡಿಯ ಪ್ರಕಾರ ಪೋಷಕರಿಗೆ 25,000 ರೂ. ದಂಡ, ಮೂರು ವರ್ಷದವರೆಗೆ ಜೈಲು, ಹುಡುಗನಿಗೆ 25 ವರ್ಷದವರೆಗೆ ಲೈಸೆನ್ಸ್ ಇಲ್ಲ. ಕಾಲೇಜಿನ ಗುರುತಿನ ಚೀಟಿ ಕೊರಳಲ್ಲಿದ್ದರೂ ಕಾನೂನಿನ ಮುಂದೆ ಅವನು ಬಾಲಕನೇ. ಸಾಲ, ವಿದ್ಯಾರ್ಥಿವೇತನದ ಕಾಗದಪತ್ರಗಳಲ್ಲೂ ಇದೇ ಮಾತು: ಹದಿನೆಂಟು ತುಂಬುವವರೆಗೆ ಪೋಷಕರು ಜೊತೆಗೆ ಬರಲೇಬೇಕು.

ವಿದ್ಯಾರ್ಥಿ ಮಿತ್ರರೇ, ನೀವು ಚಿಕ್ಕವರೆಂದು ಯಾರಾದರೂ ನಕ್ಕರೆ ನಾಚಿಕೊಳ್ಳಬೇಡಿ, ಹಾಗೆಂದು ಎಲ್ಲ ಬಲ್ಲವರಂತೆ ಸುಮ್ಮನೂ ಕೂರಬೇಡಿ. ಪಾಠ ಅರ್ಥವಾಗದಿದ್ದರೆ ಅದೇ ವಾರ ಕೇಳಿ. ಒಂದು ವರ್ಷ ಕಾಯಬೇಕಾಗಿ ಬಂದರೆ ಅದನ್ನು ಅವಮಾನವೆಂದು ಎಣಿಸಬೇಡಿ, ನಿಮ್ಮ ಸಹಪಾಠಿಗಳಲ್ಲಿ ಬಹಳ ಮಂದಿಗೆ ಆ ವರ್ಷ ಕೈಯಲ್ಲಿಲ್ಲ.

ಇನ್ನು ಚಿಕ್ಕ ಮಕ್ಕಳ ಪೋಷಕರು. ಒಂದನೇ ತರಗತಿಗೆ ಆರು ವರ್ಷ ತುಂಬಿರಬೇಕೆಂಬ ನಿಯಮವನ್ನು ಸರಕಾರ 2025–26ರ ಸಾಲಿಗೆ ಮಾತ್ರ 5 ವರ್ಷ 5 ತಿಂಗಳಿಗೆ ಸಡಿಲಿಸಿತು, ಆಮೇಲೆ ಆರೇ ಎಂದು ಹೇಳಿದೆ. ಮುಂದಿನ ದಿನಗಳಲ್ಲಿ ಇಷ್ಟು ಬೇಗ ಕಾಲೇಜಿಗೆ ಬರುವವರು ಕಡಿಮೆಯಾಗಬಹುದು. ಆದರೆ ಈಗಾಗಲೇ ಎಂಟು, ಒಂಬತ್ತು, ಹತ್ತರಲ್ಲಿ ಇರುವ ಮಕ್ಕಳು ನಮ್ಮ ಕಣ್ಣೆದುರಿಗೇ ಇದ್ದಾರೆ.

ಅವರ ತಂದೆತಾಯಿಯರು ಹೊರಗೆ ಹಾಕಿರುವ ಮೇಜಿನ ಬಳಿ ಮೂರು ಕಾಗದ ತೋರಿಸಿ: ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ದಾಖಲೆ. ಒಂದರಲ್ಲಿ 'ಮೊಹಮ್ಮದ್', ಇನ್ನೊಂದರಲ್ಲಿ 'ಎಂ.ಡಿ.', ಮತ್ತೊಂದರಲ್ಲಿ ತಂದೆಯ ಹೆಸರೇ ಬೇರೆ. ಇದು ನಮ್ಮ ಮನೆಗಳ ಹಳೆಯ ರೋಗ. ಹತ್ತನೇ ಪರೀಕ್ಷೆಗೆ ಮೊದಲೇ ಮುಖ್ಯೋಪಾಧ್ಯಾಯರ ಮೂಲಕ ಸರಿಪಡಿಸಿಕೊಂಡರೆ ಮುಂದಿನ ಅಲೆದಾಟ ಉಳಿಯುತ್ತದೆ. ಸಲಹೆಗಾರರಾಗಲು ಒಪ್ಪುವ ಸದಸ್ಯರಿಗೆ ಅದೇ ಮೇಜಿನ ಮೇಲೆ ಒಂದು ಪುಸ್ತಕ ಇಟ್ಟಿದ್ದೇವೆ. ನಿಮ್ಮ ಹೆಸರು, ಕೆಲಸ, ಮನೆ ಇರುವ ಬಡಾವಣೆ, ವಾರದಲ್ಲಿ ಯಾವ ಸಂಜೆ ಬಿಡುವು ಎಂಬುದನ್ನು ಬರೆದು ಹೋಗಿ.