ಮೊದಲು ಖಾಲಿ ಬ್ಯಾಗನ್ನೇ ತೂಗಿ ನೋಡಿ

ದಾಬಸ್‌ಪೇಟೆಯವರಿಗೆ ವಿಮಾನ ನಿಲ್ದಾಣ ಈಗ ಮೊದಲಿನಷ್ಟು ದೂರವಲ್ಲ. ಬೆಂಗಳೂರಿನೊಳಗೆ ಹೊಕ್ಕು ಟ್ರಾಫಿಕ್ಕಿನಲ್ಲಿ ಬೇಯುವ ಬದಲು ಸ್ಯಾಟಲೈಟ್ ಟೌನ್ ರಿಂಗ್ ರೋಡ್ ಹಿಡಿದರೆ ದೊಡ್ಡಬಳ್ಳಾಪುರದ ಮೇಲೆ ನೇರ ದೇವನಹಳ್ಳಿ. ಸೋಂಪುರದ ಕೈಗಾರಿಕಾ ಪ್ರದೇಶದಿಂದ ಎರಡು ದಿನದ ಕೆಲಸಕ್ಕೆ ಪುಣೆಗೋ ದೆಹಲಿಗೋ ಹೊರಡುವವರಿಗೆ ದೊಡ್ಡ ಸೂಟ್‌ಕೇಸ್ ಬೇಕಾಗಿಲ್ಲ. ಬೆನ್ನಿಗೆ ಒಂದು ಬ್ಯಾಗ್ ಸಾಕು.

ಆದರೆ ಯಾವ ಬ್ಯಾಗು?

ಅಂಗಡಿಯಲ್ಲಿ ಎಲ್ಲರೂ ಮೊದಲು ಕೇಳುವುದು ಲೀಟರ್. 30 ಲೀಟರೋ, 40 ಲೀಟರೋ? ನಮ್ಮ ದೇಶದ ವಿಮಾನಗಳಿಗೆ ಈ ಪ್ರಶ್ನೆ ಎರಡನೆಯದು. ಮೊದಲ ಪ್ರಶ್ನೆ ತೂಕದ್ದು. ಇಲ್ಲಿ ಎಕಾನಮಿ ಪ್ರಯಾಣಿಕರಿಗೆ ಸಾಮಾನ್ಯವಾಗಿ ಒಂದು ಕ್ಯಾಬಿನ್ ಬ್ಯಾಗು, ಅದರ ಮಿತಿ 7 ಕೆಜಿ. ಉದ್ದ, ಅಗಲ, ದಪ್ಪ ಮೂರೂ ಕೂಡಿ 115 ಸೆಂಟಿಮೀಟರ್ ಮೀರಬಾರದು. 55, 40, 20 ಎಂದು ಲೆಕ್ಕ ಹಾಕಿದರೆ ಅಷ್ಟು ಜಾಗದಲ್ಲಿ 44 ಲೀಟರ್ ಹಿಡಿಯುತ್ತದೆ. ಅಂದರೆ 40 ಲೀಟರಿನ ಬ್ಯಾಗು ಅಳತೆಯಲ್ಲಿ ಪಾಸಾಗುತ್ತದೆ. ಫೇಲಾಗುವುದು ತಕ್ಕಡಿಯ ಮೇಲೆ.

ಇಂಟರ್‌ನೆಟ್ಟಿನಲ್ಲಿ ಹೊಗಳಿಸಿಕೊಂಡ ಬ್ಯಾಗುಗಳು ಇಲ್ಲಿ ಕೈಕೊಡುವುದು ಇದೇ ಕಾರಣಕ್ಕೆ. ಅಮೆರಿಕದ ದೊಡ್ಡ ಏರ್‌ಲೈನ್‌ಗಳು ಕ್ಯಾಬಿನ್ ಬ್ಯಾಗಿನ ಅಳತೆ ನೋಡುತ್ತವೆ, ತೂಕಕ್ಕೆ ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ಹಾಗಾಗಿ ಅಲ್ಲಿಯವರು ದಪ್ಪ ಬಟ್ಟೆಯ, ಹತ್ತಾರು ಜಿಪ್ಪಿನ ಬ್ಯಾಗು ಮೆಚ್ಚುತ್ತಾರೆ. ಪೀಕ್ ಡಿಸೈನ್‌ನ 45 ಲೀಟರಿನ ಟ್ರಾವೆಲ್ ಬ್ಯಾಗು ಖಾಲಿಯಿದ್ದಾಗಲೇ ಸುಮಾರು 2 ಕೆಜಿ. ಆಸ್ಪ್ರೇ ಫಾರ್‌ಪಾಯಿಂಟ್ 40 ಒಂದೂವರೆ ಕೆಜಿ ದಾಟುತ್ತದೆ. ಎರಡೂ ಗಟ್ಟಿ ಬ್ಯಾಗುಗಳೇ, ಅದರಲ್ಲಿ ಅನುಮಾನವಿಲ್ಲ. ಆದರೆ 7ರಲ್ಲಿ 2 ಕಳೆದರೆ ಉಳಿಯುವುದು 5. ಲ್ಯಾಪ್‌ಟಾಪ್, ಚಾರ್ಜರ್ ಸೇರಿ ಇನ್ನೆರಡು ಕೆಜಿ ಹೋಯಿತು. ಒಂದು ಜೀನ್ಸ್ ಪ್ಯಾಂಟೇ ಅರ್ಧ ಕೆಜಿಗೂ ಮೇಲೆ ತೂಗುತ್ತದೆ. ಬ್ಯಾಗು ಅರ್ಧ ತುಂಬುವ ಹೊತ್ತಿಗೆ ತೂಕ ಮುಗಿದಿರುತ್ತದೆ.

ಆದ್ದರಿಂದ ಒಂದು ಕೆಜಿ ಆಸುಪಾಸಿನ, 30ರಿಂದ 35 ಲೀಟರಿನ ಬ್ಯಾಗು ನಮ್ಮವರಿಗೆ ಹೆಚ್ಚು ಒಗ್ಗುತ್ತದೆ. ಚಕ್ರದ ಟ್ರಾಲಿ ಇನ್ನೂ ಭಾರ, ಕ್ಯಾಬಿನ್ ಅಳತೆಯದೇ ಎರಡೂವರೆ ಕೆಜಿ ಮುಟ್ಟುವುದುಂಟು. ಮೇಲಾಗಿ ಜಲ್ಲಿ ನೆಲದಲ್ಲಿ ಚಕ್ರ ಉರುಳುವುದಿಲ್ಲ, ಬಸ್ಸಿನ ಮೆಟ್ಟಿಲಲ್ಲಿ ಅದನ್ನು ಎತ್ತಲೇಬೇಕು.

ತೂಕದ ನಂತರ ನೋಡಬೇಕಾದ್ದು ಬ್ಯಾಗು ತೆರೆದುಕೊಳ್ಳುವ ರೀತಿ. ಮೇಲಿನಿಂದ ಮಾತ್ರ ತೆರೆಯುವ ಬ್ಯಾಗಿನಲ್ಲಿ ತಳದ ಅಂಗಿ ತೆಗೆಯಲು ಎಲ್ಲವನ್ನೂ ಹೊರಗೆ ಸುರಿಯಬೇಕು. ಸೂಟ್‌ಕೇಸಿನಂತೆ ಮೂರು ಕಡೆ ಜಿಪ್ ಬಿಚ್ಚಿಕೊಳ್ಳುವುದು ಉತ್ತಮ. ಲ್ಯಾಪ್‌ಟಾಪಿಗೆ ಬೆನ್ನಿನ ಕಡೆ ಪ್ರತ್ಯೇಕ ಜಿಪ್ ಇದ್ದರೆ ಸೆಕ್ಯುರಿಟಿ ಟ್ರೇಗೆ ಇಡುವಾಗ ಪರದಾಟವಿಲ್ಲ. ಪವರ್ ಬ್ಯಾಂಕಿಗೆ ಹೊರಗಿನ ಜೇಬೇ ಸರಿ. ವಿಮಾನ ತುಂಬಿದೆಯೆಂದು ಗೇಟಿನಲ್ಲಿ ಬ್ಯಾಗನ್ನು ಕೆಳಗಿನ ಲಗೇಜಿಗೆ ಕಳಿಸಿದರೆ ಅದನ್ನು ತಕ್ಷಣ ಹೊರತೆಗೆಯಬೇಕು, ಏಕೆಂದರೆ ಪವರ್ ಬ್ಯಾಂಕ್ ಕ್ಯಾಬಿನ್ನಿನಲ್ಲಿ ಮಾತ್ರ ಇರಬಹುದು. 100 ವ್ಯಾಟ್-ಅವರ್ ಒಳಗಿನದಕ್ಕೆ ಪ್ರತ್ಯೇಕ ಅನುಮತಿ ಬೇಡ. ಸಾಮಾನ್ಯ 20,000 ಎಂಎಎಚ್‌ನದು 74 ವ್ಯಾಟ್-ಅವರ್ ಅಷ್ಟೆ.

ದಾಬಸ್‌ಪೇಟೆ ಕೊಬ್ಬರಿಯ ತಿಪಟೂರಿನ ದಾರಿಯ ಊರಾದ್ದರಿಂದ ಇನ್ನೊಂದು ಮಾತು ಹೇಳಲೇಬೇಕು. ದೂರದ ಮಕ್ಕಳಿಗೆಂದು ಬ್ಯಾಗಿನ ಮೂಲೆಯಲ್ಲಿ ಕೊಬ್ಬರಿ ಗಿಟುಕು ತುರುಕುವ ತಾಯಂದಿರು ಇಲ್ಲಿ ಬಹಳ. ಎಣ್ಣೆಯಂಶದ ಒಣ ಕೊಬ್ಬರಿ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಪಟ್ಟಿಯಲ್ಲಿದೆ. ಕ್ಯಾಬಿನ್ನಿಗೂ ಸಲ್ಲದು, ಕೆಳಗಿನ ಲಗೇಜಿಗೂ ಸಲ್ಲದು. ಮೆಣಸಿನಕಾಯಿ ಉಪ್ಪಿನಕಾಯಿಯನ್ನೂ ಕೈಚೀಲದಲ್ಲಿ ಬಿಡುವುದಿಲ್ಲ. ಕಟ್ಟಿ ಕೊಟ್ಟವರ ಕಣ್ಣ ಮುಂದಲ್ಲದಿದ್ದರೂ, ಅದನ್ನು ಸೆಕ್ಯುರಿಟಿಯಲ್ಲಿ ಬಿಟ್ಟು ಹೋಗುವುದು ಸಂಕಟದ ಕೆಲಸ.

ಇನ್ನು ಹೆಗಲ ಪಟ್ಟಿಗಳು. ಅಂಗಡಿಯಲ್ಲಿ ಖಾಲಿ ಬ್ಯಾಗು ಹಾಕಿಕೊಂಡು ಕನ್ನಡಿ ನೋಡಿದರೆ ಏನೂ ತಿಳಿಯದು. ದಾಬಸ್‌ಪೇಟೆಯವರಿಗೆ ಪರೀಕ್ಷೆಯ ಜಾಗ ಪಕ್ಕದಲ್ಲೇ ಇದೆ, ಶಿವಗಂಗೆ ಬೆಟ್ಟ. ಹೊಸ ಬ್ಯಾಗಿನ ಬಿಲ್ಲು ಜೋಪಾನವಾಗಿಟ್ಟು, ಒಳಗೆ ಅಕ್ಕಿ ತುಂಬಿ, ದಿನಸಿ ಅಂಗಡಿಯ ತಕ್ಕಡಿಯಲ್ಲಿ ಬ್ಯಾಗೂ ಸೇರಿ 7 ಕೆಜಿ ಮಾಡಿಕೊಂಡು ಒಳಕಲ್ಲು ತೀರ್ಥದವರೆಗೆ ಮೆಟ್ಟಿಲು ಹತ್ತಬೇಕು. ಅಷ್ಟರಲ್ಲಿ ಪಟ್ಟಿ ಹೆಗಲಿಗೆ ಕೊರೆದರೆ, ಇಲ್ಲವೇ ಬ್ಯಾಗು ಬೆನ್ನಿಂದ ಹಿಂದಕ್ಕೆ ಜಗ್ಗಿದರೆ, ಬದಲಾಯಿಸಿಕೊಳ್ಳಲು ಮರುದಿನವೇ ಅಂಗಡಿಗೆ ಹೋಗಬಹುದು.