ದುಡಿದ ಮೈಗೆ ಮಾಲೀಸು



ದೀಪಾವಳಿಯ ಹೊತ್ತಿಗೆ ಘಟಪ್ರಭೆಯ ದಂಡೆಯ ನಮ್ಮ ಮುಧೋಳ ಭಾಗದಲ್ಲಿ ಕಬ್ಬು ಕಡಿಯುವ ಹಂಗಾಮು ಏರುತ್ತದೆ. ಮೊದಲ ದಿನ ಉಮೇದಿನಿಂದ ಕಡಿದು ಹೊರೆ ಹೊತ್ತವನಿಗೆ ಆ ರಾತ್ರಿ ಅಷ್ಟಾಗಿ ಏನೂ ಅನಿಸುವುದಿಲ್ಲ. ಮರುದಿನ ಮುಂಜಾನೆ ಏಳುವಾಗ ನಡ ಹಿಡಿದಿರುತ್ತದೆ, ರಟ್ಟೆ ಎತ್ತಲಾಗುವುದಿಲ್ಲ. ರೂಢಿ ತಪ್ಪಿದ ದುಡಿತದಿಂದ ಸ್ನಾಯುಗಳ ಎಳೆಗಳಿಗೆ ಬೀಳುವ ಸಣ್ಣ ಪೆಟ್ಟಿನ ನೋವು ಇದು. 24ರಿಂದ 72 ತಾಸುಗಳ ನಡುವೆ ಹೆಚ್ಚಾಗಿ, ಮುಂದೆ ತಾನಾಗಿಯೇ ಇಳಿಯುತ್ತದೆ.

ಇದಕ್ಕೆ ಅನೇಕರು ಏನು ಮಾಡುತ್ತಾರೆಂಬುದು ತಮಗೆ ಗೊತ್ತಿದೆ. ಅಂಗಡಿಯ ನೋವಿನ ಗುಳಿಗೆ ನುಂಗುತ್ತಾರೆ, ಇಲ್ಲವೆ ಸಂಜೆ ಸೆರೆ ಕುಡಿದು ಮಲಗುತ್ತಾರೆ. ಬಿಸಿಲಲ್ಲಿ ಬೆವರಿ ನೀರು ಬತ್ತಿದ ಮೈಗೆ ದಿನಾಲು ಇಂಥ ಗುಳಿಗೆ ಹಾಕಿದರೆ ಮೂತ್ರಪಿಂಡಕ್ಕೆ ಕೇಡು. ಹಂಗಾಮಿನ ಗಳಿಕೆಯೆಲ್ಲ ದವಾಖಾನೆಗೆ ಸುರಿಯುವ ಹೊತ್ತು ಬಂದೀತು.

ನಮ್ಮ ಗರಡಿ ಮನೆಯ ಪೈಲವಾನರು ಬೇರೆ ದಾರಿ ಹಿಡಿದವರು. ಕುಸ್ತಿಯ ಸಾಧನೆಯಾದ ಮೇಲೆ ಒಬ್ಬರು ಇನ್ನೊಬ್ಬರ ಮೈ ತಿಕ್ಕುವುದು ಅಲ್ಲಿಯ ಪದ್ಧತಿ. ಈ ತಿಳಿವಳಿಕೆ ಇಂದಿನದಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ಸಾಧನೆಯ ಮಾತೂ ಇದೆ, ಎಣ್ಣೆ ಹಚ್ಚಿ ಸ್ನಾನ ಮಾಡುವ ಕ್ರಮವೂ ಇದೆ. ಆದರೆ ಮಾಲೀಸಿನಿಂದ ಶಕ್ತಿ ಹೆಚ್ಚುತ್ತದೆ ಎಂಬ ಮಾತನ್ನು ಈಚಿನ ಸಂಶೋಧನೆ ಒಪ್ಪುವುದಿಲ್ಲ. ನೋವು ತುಸು ಕಡಿಮೆಯಾಗುತ್ತದೆ, ಬಿಗಿದ ಮೈ ಸಡಿಲಾಗುತ್ತದೆ, ಅಷ್ಟೇ. ದುಡಿಯುವವನಿಗೆ ಅಷ್ಟು ಸಿಕ್ಕರೆ ಕಡಿಮೆಯೇನಲ್ಲ!

ಎಣ್ಣೆ ಯಾವುದೆಂದು ಚಿಂತಿಸಬೇಡಿರಿ. ಮನೆಯ ಕುಸುಬಿ ಎಣ್ಣೆಯಾಗಲಿ, ಶೇಂಗಾ ಎಣ್ಣೆಯಾಗಲಿ ಸಾಕು. ಕೈ ಜಾರಲೆಂದೇ ಎಣ್ಣೆ. ಬಟ್ಟಲನ್ನು ಬಿಸಿನೀರಲ್ಲಿಟ್ಟು ಉಗುರುಬೆಚ್ಚಗೆ ಮಾಡಿ, ಮೊದಲು ತಮ್ಮ ಮಣಿಕಟ್ಟಿನ ಮೇಲೆ ಹನಿಸಿ ನೋಡಿರಿ. ಪಾದದಿಂದ ತೊಡೆಯ ಕಡೆಗೆ, ಅಂಗೈಯಿಂದ ಹೆಗಲಿನ ಕಡೆಗೆ ನಿಧಾನವಾಗಿ ನೀವಬೇಕು. ಮೀನಖಂಡವನ್ನೂ ತೊಡೆಯನ್ನೂ ರೊಟ್ಟಿಯ ಹಿಟ್ಟು ನಾದಿದ ಹಾಗೆ ಹಿಡಿದು ಬಿಡಬೇಕು. ಬೆನ್ನಿಗೆ ಬಂದಾಗ ಬೆನ್ನೆಲುಬಿನ ಮೇಲೆ ಒತ್ತಬೇಡಿರಿ, ಅದರ ಎರಡೂ ಬದಿಯ ಮಾಂಸದ ಮೇಲೆ ಹೆಬ್ಬೆರಳು ಆಡಿಸಿರಿ. ಮಲಗಿದವನು ಉಸಿರು ಬಿಗಿಹಿಡಿದರೆ ತಮ್ಮ ಕೈ ಭಾರವಾಯಿತೆಂದು ತಿಳಿಯಿರಿ. 10-15 ನಿಮಿಷ ಸಾಕು. ಆಮೇಲೆ ಬೆಚ್ಚನೆಯ ನೀರಿನ ಜಳಕ, ಹೊಟ್ಟೆ ತುಂಬ ಊಟ, ನಿದ್ದೆ. ಬಚ್ಚಲಿಗೆ ಹೋಗುವ ಮುನ್ನ ಅಂಗಾಲಿನ ಎಣ್ಣೆ ಒರೆಸಲು ಮರೆಯಬೇಡಿರಿ. ಬಚ್ಚಲ ಕಲ್ಲು ಯಾರನ್ನೂ ಬಿಡುವುದಿಲ್ಲ.

ಹುಡುಗನನ್ನು ಬೆನ್ನ ಮೇಲೆ ನಿಲ್ಲಿಸಿ ತುಳಿಸಿಕೊಳ್ಳುವ ರೂಢಿಯುಂಟು. ಹಿತವೆನಿಸಬಹುದು, ಆದರೆ ವಯಸ್ಸಾದವರ ಎಲುಬು ಸವೆದಿರುತ್ತದೆ, ಅವರು ಇದಕ್ಕೆ ಹೋಗಬಾರದು.

ಇನ್ನು ಮಾಲೀಸು ಮುಟ್ಟಬಾರದ ನೋವುಗಳಿವೆ. ಟ್ರೇಲರಿನ ಹಲಗೆಯಿಂದ ಜಾರಿ ಬಿದ್ದು ಕೈ ಊದಿಕೊಂಡರೆ ಉಳುಕೆಂದು ಬಗೆದು ಜಗ್ಗಿ ತಿಕ್ಕುತ್ತಾರೆ. ಒಳಗೆ ಎಲುಬು ಮುರಿದಿದ್ದರೆ ಅದು ಇನ್ನಷ್ಟು ಸರಿದು ಕೈ ಜನ್ಮಕ್ಕೆ ಸೊಟ್ಟಾದೀತು. ಅಂಥ ಕೈಯನ್ನು ಅಲುಗಾಡದಂತೆ ಕಟ್ಟಿ, ಕ್ಷ-ಕಿರಣದ ಚಿತ್ರ ತೆಗೆಸಿರಿ. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ ನರದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ತಿಕ್ಕಿದರೆ ಅದು ಮೇಲೇರಿ ಪುಪ್ಪುಸಕ್ಕೆ ಸಿಕ್ಕಿ ಜೀವಕ್ಕೇ ಅಪಾಯ. ನಡನೋವಿನ ಜೊತೆಗೆ ಕಾಲು ಜೋಮು ಹಿಡಿದು ಬಲಗುಂದಿದರೆ, ಮೂತ್ರ ಕಟ್ಟಿದರೆ ಅಥವಾ ತಡೆಯಲಾಗದೆ ಹೋದರೆ ಆ ದಿನವೇ ದವಾಖಾನೆಗೆ ಹೊರಡಿರಿ. ಜ್ವರವಿದ್ದಾಗ, ಗಾಯದ ಮೇಲೆ ಮಾಲೀಸು ಬೇಡ. ಸಕ್ಕರೆ ಕಾಯಿಲೆಯವರ ಪಾದಕ್ಕೆ ಬಿಸಿ ತಿಳಿಯದೆ ಇರಬಹುದು, ಆದ್ದರಿಂದ ಅವರ ಎಣ್ಣೆಯನ್ನೂ ನೀರನ್ನೂ ಬೇರೆಯವರೇ ಮುಟ್ಟಿ ನೋಡಲಿ.

ಕೊನೆಗೊಂದು ಮಾತು, ಗಂಡಸರಿಗೆ. ಕಸ ತೆಗೆಯಲು ದಿನವಿಡೀ ಬಗ್ಗಿ ಕುಳಿತವಳು, ಕಬ್ಬಿನ ಹೊರೆ ಕಟ್ಟಿದವಳು, ಮನೆಗೆ ಬಂದು ರೊಟ್ಟಿ ಬಡಿದವಳು, ಆಮೇಲೆ ತಮ್ಮ ಕಾಲನ್ನೂ ಅತ್ತೆಯ ಕಾಲನ್ನೂ ಒತ್ತುತ್ತಾಳೆ. ಬಾಣಂತನದಲ್ಲಿ ಎಣ್ಣೆ ಹಚ್ಚಿಸಿಕೊಂಡದ್ದೇ ಕಡೆ, ಮುಂದೆ ಆಕೆಯ ಬೆನ್ನಿಗೆ ಯಾರ ಕೈಯೂ ತಗಲುವುದಿಲ್ಲ. ಇಂದು ರಾತ್ರಿ ಎಣ್ಣೆಯ ಬಟ್ಟಲನ್ನು ತಾವು ಬೆಚ್ಚಗೆ ಮಾಡಿರಿ.