ಸೂಜಿ ಹಿಡಿದ ಕೈಯ ಲೆಕ್ಕ



ಸ್ಪೇನ್ ದೇಶದ ಡಿಯೇಗೊ ವೆಲಾಸ್ಕೆಸ್ 17ನೇ ಶತಮಾನದಲ್ಲಿ ಹೊಲಿಗೆಗೆ ಕೂತ ಹೆಣ್ಣುಮಗಳೊಬ್ಬಳ ಚಿತ್ರ ಬರೆದ. ಈಗ ಅದು ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಬಾಗಿದ ಮುಖ ತಿದ್ದಿ ತೀಡಿದಂತಿದೆ. ಕೈಗಳು ಮಾತ್ರ ಅರೆಬರೆ. ಚಿತ್ರ ಮುಗಿಯದೆ ಉಳಿದದ್ದರಿಂದ ಹಾಗಾಯಿತು, ನಿಜ. ಆದರೆ ಕಲೆ ಹೊಲಿಯುವ ಹೆಣ್ಣನ್ನು ನೋಡಿದ್ದು ಬಹುಪಾಲು ಹೀಗೆಯೇ. ತಗ್ಗಿದ ತಲೆ ಕಂಡು ತಾಳ್ಮೆ ಎಂದಿತು, ವಿನಯ ಎಂದಿತು. ಆ ಕೈ ಏನು ಮಾಡುತ್ತಿದೆ ಎಂದು ಕೇಳಲಿಲ್ಲ.

ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ ಕಡೆ ಹಳೆಯ ಅರಿವೆಯ ಪದರ ಕೂಡಿಸಿ ಹೊಲಿಯುವ ಹೊದಿಕೆ, ಕೌದಿಯನ್ನೇ ನೋಡಿ. ಅವ್ವನ ಹಳೆಯ ಇಳಕಲ್ ಸೀರೆ, ಅಪ್ಪನ ಧೋತರ, ಕುಬಸ ಹೊಲಿದು ಉಳಿದ ಅರಿವೆ. ಯಾವುದು ಒಳಗೆ, ಯಾವುದು ಮೇಲೆ, ಕೆಂಪಿನ ಪಕ್ಕ ಹಸಿರೋ ಹಳದಿಯೋ, ಕೂಸಿಗಾದರೆ ಎಷ್ಟು ಮೆತ್ತಗಿರಬೇಕು, ಎಲ್ಲವನ್ನೂ ತೀರ್ಮಾನಿಸುವವಳು ಹೊಲಿಯುವವಳೇ. ಹಾಸಿದ ಪದರ ಸರಿಯದಂತೆ, ಸುಕ್ಕು ಬೀಳದಂತೆ ಸಾಲು ಹಿಡಿದು ದಾರ ಎಳೆಯಬೇಕು. ಎದುರಿಗೆ ಮಾದರಿಯ ಹಾಳೆ ಇರುವುದಿಲ್ಲ.

ಕಸೂತಿಯಲ್ಲಿ ಈ ಲೆಕ್ಕ ಇನ್ನೂ ಬಿಗಿ. ಅರಿವೆಯ ಮೇಲೆ ಗೆರೆ ಬರೆದುಕೊಳ್ಳುವಂತಿಲ್ಲ. ನೇಯ್ಗೆಯ ಎಳೆ ಎಣಿಸಿಯೇ ಗೋಪುರ, ತೇರು, ತೊಟ್ಟಿಲು ಮೂಡಬೇಕು. ಗವಂತಿ ಹೊಲಿಗೆಯಲ್ಲಿ ಹೋಗುವಾಗ ಬಿಟ್ಟ ಜಾಗಗಳನ್ನು ದಾರ ಮರಳಿ ಬರುವಾಗ ತುಂಬುತ್ತದೆ. ಹೊರಡುವ ಮೊದಲೇ ಹಿಂದಿರುಗುವ ದಾರಿ ಮನಸ್ಸಿನಲ್ಲಿರದಿದ್ದರೆ ತೇರಿನ ಗಾಲಿ ಅರ್ಧಕ್ಕೇ ನಿಲ್ಲುತ್ತದೆ. ಎಲ್ಲೂ ಗಂಟಿಲ್ಲದೆ, ಅರಿವೆಯ ಎರಡೂ ಮಗ್ಗುಲು ಒಂದೇ ರೀತಿ ಕಾಣಬೇಕು. ಇಷ್ಟನ್ನೂ ತಲೆಯಲ್ಲೇ ನಡೆಸುವುದಕ್ಕೆ ಬುದ್ಧಿ ಬೇಕು. ಮನೆಯ ಬಿಡುವಿನ ಕೆಲಸವೆಂದು ಕರೆದು ನಾವು ಆ ಬುದ್ಧಿಯನ್ನು ಗಣನೆಗೇ ತೆಗೆದುಕೊಳ್ಳಲಿಲ್ಲ.

ಯಲಬುರ್ಗಾ ಸೀಮೆಯ ಇಟಗಿಯಲ್ಲಿ 1112ರಲ್ಲಿ ಗುಡಿ ಕಟ್ಟಿಸಿದ ಮಹಾದೇವ ದಂಡನಾಯಕನ ಹೆಸರನ್ನು ಶಾಸನ ಕಾಪಾಡಿದೆ. ಕೌದಿಗೆ ಶಾಸನವಿಲ್ಲ. ತೊಳೆದು ತೊಳೆದು ಅದು ಜೀರ್ಣವಾಗುತ್ತದೆ. ಹೊಲಿದವಳ ಹೆಸರೂ ಅದರೊಟ್ಟಿಗೇ ಹೋಗುತ್ತದೆ. ಮನೆಯಲ್ಲಿ ಹಿರಿಯರಿದ್ದರೆ ಇವತ್ತೇ ಕೇಳಿ: ಈ ಕೌದಿ ಯಾರು ಹೊಲಿದರು, ಈ ತುಂಡು ಯಾರ ಸೀರೆಯದು, ಇಲ್ಲಿಗೇ ಏಕೆ ಬಂತು? ಅವರು ಹೇಳಿದ್ದನ್ನು ಬರೆದಿಟ್ಟುಕೊಳ್ಳಿ. ಅವ್ವನ ತಾಳ್ಮೆಯನ್ನು ಹೊಗಳಿದ್ದು ಸಾಕಷ್ಟಾಯಿತು. ಇನ್ನು ಅವಳ ಜಾಣತನವನ್ನು ಕೇಳಿ ತಿಳಿಯೋಣ.